ಹನಾ ಯಾರ ಮನೆಯ ಹುಡುಗಿ

೧೯೭೧ರ ಸಂಕ್ರಾಂತಿ ಕಳೆದ ಮೊದಲ ಐತವಾರ, ಸಂಜೆ ಆರೂವರೆಗೆ, ಕುರ್ಲಾದ ಚಾಳಿನಲ್ಲಿ ಶರಣವ್ವನ ಬಾಗಿಲಿಗೆ ಒಬ್ಬಾತ ಬಂದು ನಿಂತ. ಒಂದು ಕೈಯಲ್ಲಿ ತಗಡಿನ ಪೆಟ್ಟಿಗೆ, ಇನ್ನೊಂದರಲ್ಲಿ ಸುತ್ತಿದ ವಾಯರು.

“ಅವ್ವಾ, ಖೋಲಿಯೊಳಗ ಪ್ಲಗ್ ಐತೇನ್ರಿ? ಅಂಗಳದಾಗ ಸಿನಿಮಾ ತೋರಸ್ಬೇಕು.”

ಶರಣವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. “ಪ್ಲಗ್ ಐತಿ. ನೀ ಯಾರ ಪೈಕಿ?”

“ಅಲ್ಲಾಬಕ್ಷ ಅಂತಾರ್ರಿ. ಸಿಂದಗಿ ಕಡಿಯಾವ.”

“ಅಡ್ಡಹೆಸರು?”

“ಅದೊಂದು ಇಲ್ರಿ. ನಮ್ಮಪ್ಪಗೂ ಇದ್ದಿಲ್ಲ.”

ಬೆಳಗಾವಿ, ವಿಜಾಪುರ, ಧಾರವಾಡದ ಮಂದಿಯೇ ತುಂಬಿದ್ದ ಆ ಚಾಳಿನಲ್ಲಿ ಅಡ್ಡಹೆಸರು ಹೇಳದವರಿಗೆ ನೀರು ಕೊಡುವುದಕ್ಕೂ ಯೋಚಿಸುತ್ತಿದ್ದರು. ಆದರೂ ಶರಣವ್ವ ಪ್ಲಗ್ ಕೊಟ್ಟಳು. ರೊಟ್ಟಿ ಬೇಡಿ ಬಂದಿದ್ದರೆ ಇಲ್ಲ ಅನ್ನುತ್ತಿದ್ದಳೇ?

ಅಲ್ಲಾಬಕ್ಷ ಅಂಧೇರಿಯ ಒಂದು ಫಿಲ್ಮ್ ಲೈಬ್ರರಿಯಲ್ಲಿ ಪ್ಯೂನ್. ವಾರದ ಆರು ದಿನವೂ ‘ಡಬ್ಬಿ ತಾ, ಡಬ್ಬಿ ಇಡು’ ಎಂಬೆರಡು ಮಾತು ಬಿಟ್ಟರೆ ಅವನ ಜೊತೆ ಯಾರೂ ಬೇರೆ ಮಾತು ಆಡುತ್ತಿರಲಿಲ್ಲ. ಐತವಾರ ಮಾತ್ರ ಸಾಹೇಬರು ಹಳೆಯ ಪ್ರೊಜೆಕ್ಟರು, ಜಪಾನಿನ ಒಂದು ಗೊಂಬೆಚಿತ್ರದ ರೀಲು ಒಯ್ಯಲು ಬಿಟ್ಟಿದ್ದರು. ಅದರಲ್ಲಿನ ಮಾತು ಯಾರಿಗೂ ತಿಳಿಯದು. ಹಾಗಾಗಿ ಅವನು ಪರದೆಯ ಬಾಜು ನಿಂತು ಕನ್ನಡದಲ್ಲಿ ಕಥೆ ಹೇಳಿದ. ಇನ್ನೂರು ಮಂದಿ ಬಾಯಿ ತೆರೆದು ಕೇಳಿದ ಆ ಒಂದು ತಾಸಿಗಾಗಿ ಅವನು ಉಳಿದ ವಾರವನ್ನೆಲ್ಲ ಹೊತ್ತು ತಿರುಗಲು ತಯಾರಿದ್ದ.

ಚಿತ್ರದಲ್ಲಿ ಹನಾ ಎಂಬ ಹುಡುಗಿ. ಆಕೆಯ ಗೆಣಸು ಕದಿಯುವ ಒಂದು ನರಿ.

“ಹನಾ, ಬರೇ ಹನಾ? ಯಾರ ಮನಿಯಾಕಿ?” ಎಂದು ಮುಂದೆ ಕೂತಿದ್ದ ಚಾಳಿನ ಗಂಗುಬಾಯಿ ಆ ಮೊದಲ ದಿನವೇ ಕೂಗಿದಳು.

ಅಲ್ಲಾಬಕ್ಷ ರೀಲಿನ ಡಬ್ಬಿಯೊಳಗಿನ ಚೀಟಿ ನೋಡಿದ. ಹನಾ ಎಂದಷ್ಟೇ ಇತ್ತು. ಆದರೆ ಮಂದಿ ಬಿಡಬೇಕಲ್ಲ! ಆಕೆಯ ತಲೆಯಲ್ಲಿ ಹೂ ಕಂಡು “ಹೂಗಾರ” ಎಂದುಬಿಟ್ಟ. “ನರಿ?” ಎಂದರು. ನರಿ ಆಗ ಹಂಚಿನ ಮಾಡಿನ ಮೇಲೆ ಓಡುತ್ತಿತ್ತು. “ಹಂಚಿನಮನಿ” ಎಂದ.

ಇಡೀ ಅಂಗಳ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಬ್ಬರು ಮಾತ್ರ ನಗಲಿಲ್ಲ. ಚಾಳಿನ ಕಮಿಟಿಯ ಮುಖ್ಯಸ್ಥರಾದ ಸಿದ್ದಲಿಂಗಪ್ಪ ಹಂಚಿನಮನಿ.

ಮರುದಿನದಿಂದ ಮಕ್ಕಳು ಅವರನ್ನು ಕಂಡಲ್ಲಿ ಗೆಣಸು ಬಚ್ಚಿಡುವ ಆಟ ಹೂಡಿದರು. ಬುಧವಾರಕ್ಕೆ ಅಪ್ಪಣೆ ಹೊರಟಿತು: ಅಂಗಳದಲ್ಲಿ ಇನ್ನು ಸಿನಿಮಾ ಇಲ್ಲ.

ಐತವಾರ ಪೆಟ್ಟಿಗೆ ಹೊತ್ತು ಬಂದ ಅಲ್ಲಾಬಕ್ಷ, ಅಪ್ಪಣೆಯ ಸುದ್ದಿ ಕೇಳಿ ಶರಣವ್ವನ ಕಟ್ಟೆಯ ಮೇಲೆ ಪೆಟ್ಟಿಗೆ ಇಳಿಸಿ ಕೂತ. “ಅದು ಅವರ ಅಡ್ಡಹೆಸರಂತ ನನಗ ಗೊತ್ತಿದ್ದಿಲ್ರಿ ಅವ್ವಾ. ಇದೊಂದು ಹೋತಂದ್ರ ನಾ ಬರೇ ಡಬ್ಬಿ ಹೊರಾವ.”

ಶರಣವ್ವ ಹಿಟ್ಟಿನ ಕೈ ತೊಳೆದು, ಅವನನ್ನು ಕರೆದುಕೊಂಡು ಜಿನೆಯ ಮೆಟ್ಟಿಲು ಹತ್ತಿ ಮೇಲಿನ ಮಾಳಿಗೆಯ ಸಿದ್ದಲಿಂಗಪ್ಪನವರ ಖೋಲಿಗೆ ಹೋದಳು.

“ಯಪ್ಪಾ, ನರಿ ನಿಮ್ಮ ಪೈಕಿ ಅಲ್ಲಂತ.”

“ಅಲ್ಲಂದ್ರ ಸಾಲದು!” ಎಂದರು ಸಿದ್ದಲಿಂಗಪ್ಪ. “ನನ್ನ ಹೆಸರು ಆ ಹುಡುಗಿಗೆ ಹಚ್ಚಲಿ. ಹನಾ ಹಂಚಿನಮನಿ. ಅಂದ್ರ ನಡೀಲಿ ಸಿನಿಮಾ.”

ಅಲ್ಲಾಬಕ್ಷ ಹೂಂ ಅನ್ನುವಷ್ಟರಲ್ಲಿ ಬಾಗಿಲಾಚೆ ಕಿವಿಗೊಟ್ಟಿದ್ದ ಗಂಗುಬಾಯಿ ಒಳಗೆ ನುಗ್ಗಿದಳು. “ನಿಮಗ್ಯಾಕ? ಆಕಿ ಮೂಗು ಥೇಟ್ ನಮ್ಮ ಬಳಿಗಾರ ಮನಿತನದ ಮೂಗು!” ಹಿಂದೆಯೇ ಬಂದ ಪಕ್ಕದ ಖೋಲಿಯ ಖಂಡಪ್ಪ, “ದುಡಿಯೋದ ನೋಡಿದ್ರ ನಮ್ಮ ಗಾಣಿಗೇರಾಕಿ” ಎಂದ. ಜಿನೆ ತುಂಬ ಮಂದಿ. ನರಿಯನ್ನು ಯಾರೂ ಕೇಳಲಿಲ್ಲ. ಹುಡುಗಿ ಎಲ್ಲರಿಗೂ ಬೇಕು.

ಗದ್ದಲ ತಗ್ಗಿದ ಮೇಲೆ ಶರಣವ್ವ ಅಲ್ಲಾಬಕ್ಷನನ್ನು ಕೇಳಿದಳು: “ಕಥಿ ಬರದಾವ್ರು ಆಕಿಗೆ ಅಡ್ಡಹೆಸರು ಯಾಕ ಹಚ್ಚಿಲ್ಲೋ?”

“ನಮ್ಮ ಸಾಹೇಬ್ರನ್ನ ಕೇಳಿದ್ದೆ ರೀ. ಆ ದೇಶದಾಗ ಹಿಂದಕ ರೈತ್ರಿಗೆ, ಬಡವ್ರಿಗೆ ಅಡ್ಡಹೆಸರು ಇರ್ತಿದ್ದಿಲ್ಲಂತ. ಇದು ಆವಾಗಿನ ಕಥಿ. ಮತ್ತ ಕೆಲವು ಕಥಿಯೊಳಗ, ಕರಿಯಾಕ ಒಂದು ಹೆಸರು ಸಾಕು ಅಂತ ಬಿಟ್ಟಿರ್ತಾರಂತ.”

“ಶಾಣ್ಯಾ ಮಂದಿ,” ಎಂದಳು ಶರಣವ್ವ. “ಒಂದು ಮನಿ ಹೆಸರು ಹಚ್ಚಿದ್ರ ಆಕಿ ಒಂದು ಮನಿ ಮಗಳು. ಬಿಟ್ರ ನೋಡ್ರಿ, ನಲವತ್ತು ಖೋಲಿಯವ್ರು ನಮ್ಮಾಕಿ ಅಂತೀರಿ. ಯಪ್ಪಾ, ಮಗಳನ್ನ ಚಾಳಿಗೆ ಬಿಟ್ಟುಕೊಡ್ತೀರೋ, ಇಲ್ಲಾ ಜಿನೆ ಮ್ಯಾಲ ಇವತ್ತ ಬಡದಾಡ್ತೀರೋ?”

ಸಿದ್ದಲಿಂಗಪ್ಪ ಜಿನೆಯತ್ತ ನೋಡಿದರು, ಮೀಸೆ ತೀಡಿದರು, ಕಡೆಗೆ ನಕ್ಕರು. “ಹುಡುಗಿಗೂ ಬ್ಯಾಡ, ನರಿಗೂ ಬ್ಯಾಡ. ಪರದೆ ಕಟ್ಟೋ ಮಾರಾಯಾ, ಹೊತ್ತಾತು.”

ಅಂದಿನಿಂದ ಐದು ವರ್ಷ ಐತವಾರ ತಪ್ಪಲಿಲ್ಲ. ರೀಲುಗಳು ಬದಲಾದವು. ಅಲ್ಲಾಬಕ್ಷ ಪರದೆಯ ಬಾಜು ಹೆಣ್ಣಾಗಿ ಅತ್ತ, ಕಪ್ಪೆಯಾಗಿ ಜಿಗಿದ. ಬಾಯಿ ಒಣಗಿದಾಗ ಶರಣವ್ವನ ಮಜ್ಜಿಗೆ ಕುಡಿದ.

೧೯೭೬ರಲ್ಲಿ ಲೈಬ್ರರಿಯನ್ನು ದಿಲ್ಲಿಗೆ ಎತ್ತಿದರು, ಅವನನ್ನೂ. ಕಡೆಯ ಆಟ ಮುಗಿದ ಮೇಲೆ ಸಿದ್ದಲಿಂಗಪ್ಪನವರೇ ಪೆಟ್ಟಿಗೆಯನ್ನು ಸ್ಟೇಶನ್ನಿಗೆ ಹೊತ್ತು ಮುಂದೆ ನಡೆದರು. ಅಲ್ಲಾಬಕ್ಷ ಹತ್ತು ಹೆಜ್ಜೆ ಹೋದವನು ತಿರುಗಿ ಬಂದು ಶರಣವ್ವನನ್ನು ಕೇಳಿದ:

“ಅವ್ವಾ, ದಿಲ್ಲಿಯೊಳಗ ಕನ್ನಡಾ ಮಾತಾಡೋ ಚಾಳು ಎಲ್ಲೈತ್ರಿ? ಗೊತ್ತಿದ್ರ ಹೇಳ್ರಿ, ಅಲ್ಲೇ ಖೋಲಿ ಹಿಡೀತೀನಿ.”