ಬೆಟ್ಟ ಕಂಡವರು ಯಾರು?

ನನ್ನ ಗಂಡ ಕಾಂಚನಜುಂಗಾ ನೋಡಿಲ್ಲ.

ಈ ಸಂಗತಿ ನಂಜನಗೂಡಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಒಬ್ಬರು ಅವರು, ಇನ್ನೊಬ್ಬಳು ನಾನು. ಈಗ ನಿಮಗೂ ಹೇಳುತ್ತಿದ್ದೇನೆ. (ಇವರು ಪೇಪರಿನಲ್ಲಿ ಓದುವುದು ಕ್ರಿಕೆಟ್ ಸುದ್ದಿ ಮಾತ್ರ. ಅದಕ್ಕೇ ನನಗೆ ಇಷ್ಟು ಧೈರ್ಯ.)

ಬಜಾರಿನಲ್ಲಿ ನಮ್ಮದು ಬಟ್ಟೆ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಆ ಬೆಟ್ಟದ ಹಳೇ ಕ್ಯಾಲೆಂಡರ್ ಚಿತ್ರವೊಂದು ನೇತಾಡುತ್ತದೆ. ಮದುವೆಯಾದಾಗಿನಿಂದ ಇವರದು ಒಂದೇ ಹಟ. ‘ಆ ಜಾಗಕ್ಕೆ ನಾನೇ ತೆಗ್ದಿರೋ ಫೋಟೋ ಬರ್ಬೇಕು ಕಣೇ.’ ಹೋದ ತಿಂಗಳು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮೈಸೂರಿನಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಫಿಲಂ ಕ್ಯಾಮರಾ ಕೊರಳಿಗೆ ಹಾಕಿಕೊಂಡು ಹೊರಟೇಬಿಟ್ಟರು. ನಾನೂ ತಿ. ನರಸೀಪುರದ ಸ್ಕೂಲಿಗೆ ರಜೆ ಹಾಕಿದೆ. ಟೀಚರ್ ಕೆಲಸ ಓಡಿಹೋಗುತ್ತದೆಯೇ?

ಡಾರ್ಜಿಲಿಂಗಿನಲ್ಲಿ ಬರೀ ಮೋಡ. ದಿನಾ ಬೆಳಿಗ್ಗೆ ಲಾಡ್ಜಿನ ಟೆರೇಸಿನಲ್ಲಿ ನಡುಗುತ್ತಾ ನಿಲ್ಲುವುದು, ಇವರು ಆ ಮೋಡಕ್ಕೇ ಕ್ಲಿಕ್ ಕ್ಲಿಕ್ ಅನ್ನಿಸುವುದು.

‘ಯಾಕ್ರೀ ರೋಲ್ ದಂಡ ಮಾಡ್ತೀರಿ?’ ಅಂದರೆ ‘ಹಿಂದ್ಗಡೆ ಬೆಟ್ಟ ಇದ್ಯಲ್ಲೇ’ ಅನ್ನುತ್ತಿದ್ದರು.

ಕೊನೆಯ ದಿನ ರೋಲ್ ಮುಗಿಯಿತು. ಬೆಳಕು ತಾಗಿದರೆ ಹೊಸ ರೋಲ್ ಕೆಡುತ್ತದೆಂದು ಊರಿನ ಸ್ಟುಡಿಯೋದವರು ಹೆದರಿಸಿ ಕಳಿಸಿದ್ದರು. ಅದನ್ನು ಹಾಕಲು ಇವರು ಗೋಡೆ ಕಡೆ ತಿರುಗಿ ಕೂತು, ಕ್ಯಾಮರಾದ ಜೊತೆ ತಲೆಯನ್ನೂ ಕಂಬಳಿಯೊಳಗೆ ತೂರಿಸಿದರು. ಮೋಡ ಸರಿಯಲು ಅದೇ ಹೊತ್ತು ಬೇಕಿತ್ತೇ?

ನಾನು ಬೆಟ್ಟವನ್ನು ಮರಗಳ ನೇರಕ್ಕೆ ಹುಡುಕುತ್ತಿದ್ದೆ. ಅದು ಎಷ್ಟೋ ಮೇಲೆ, ಆಕಾಶವೆಂದು ನಾನು ಬಿಟ್ಟುಬಿಟ್ಟಿದ್ದ ಜಾಗದಲ್ಲಿ ನಿಂತಿತ್ತು. ಮೊದಲು ತುದಿಗೆ ಮಾತ್ರ ಕೆಂಪು. ಆಮೇಲೆ ಮೈಯೆಲ್ಲ ಕಾಯಿಸಿದ ಹಾಲಿನ ಕೆನೆಯ ಬಣ್ಣ. ನನಗೆ ಅಳುವೇ ಬಂದುಬಿಟ್ಟಿತು.

‘ರೀ, ಬನ್ರೀ, ಕಾಣ್ತಿದೆ.’

‘ವಸಿ ತಡಿಯೇ,’ ಕಂಬಳಿಯೊಳಗಿಂದ ಉತ್ತರ. ‘ಮುಟ್ಬೇಡ, ಬೆಳಕು ಬೀಳುತ್ತೆ.’

ತಲೆ ಹೊರಗೆ ಬರುವಷ್ಟರಲ್ಲಿ ಮತ್ತೆ ಮೋಡ. ವಾಪಸ್ ಬರುವಾಗ ರೈಲಿನಲ್ಲಿ ಇವರು ಸಣ್ಣ ದನಿಯಲ್ಲಿ ಕೇಳಿದರು, ‘ಹೆಂಗಿತ್ತೇ?’ ಪಾಪ ಅನ್ನಿಸಿತು. ಒಂದನ್ನೂ ಬಿಡದೆ ಹೇಳಿದೆ. ಅಲ್ಲಿಗೆ ಬೆಟ್ಟ ನನ್ನ ಕೈತಪ್ಪಿತು.

ನಮ್ಮ ಕಡೆಯವರಿಗೆ ಹಿಮಾಲಯ ಅಂದರೆ ಕೈಲಾಸವೇ. ಮಾತಾಡಿಸಲು ಜನ ಬಂದದ್ದೇ ಬಂದದ್ದು. ಚಿಕ್ಕವರು ಇವರ ಕಾಲಿಗೂ ಬಿದ್ದರು. ಇವರು ಮೋಡದ ಫೋಟೋ ಮುಂದಿಟ್ಟುಕೊಂಡು ಶುರು ಹಚ್ಚಿದರು. ‘ಇದ್ರ ಹಿಂದೇನೇ ಇತ್ತು. ನಾವು ಮರದ್ ನೇರಕ್ಕೆ ಹುಡುಕ್ತಿದ್ರೆ ಅದು ಆಕಾಶ್ದಲ್ಲಿ ನಿಂತಿತ್ತು ಕಣ್ರೀ.’ ಹಾಲಿನ ಕೆನೆಯೂ ಬಂತು. ಕೊನೆಗೆ ಅಳುವೂ ಬಂತು. (ನನ್ನ ಅಳು, ನೆನಪಿಡಿ.)

ಅಕ್ಕತಂಗಿಯರೇ, ಇದೇನು ನಿಮಗೆ ಹೊಸದೇ? ಮಗನ ಮೊದಲ ಹಲ್ಲು ಕಂಡವಳು ನಾನು. ಅಂಗಡಿಗೆ ಬಂದವರಿಗೆಲ್ಲ ಅದನ್ನು ವರ್ಣಿಸಿದವರು ಇವರು. ನೋಡುವ ಕೆಲಸ ನಮ್ಮದು, ಹೇಳುವ ಕೆಲಸ ಅವರದು ಎಂದು ಯಾವ ಕಾಲದಲ್ಲಿ ಪಾಲಾಯಿತೋ ಕಾಣೆ. ಸಿಟ್ಟು ಬರುವುದಿಲ್ಲವೇ ಅಂದರೆ, ಬರುತ್ತದೆ. ಆದರೆ ಯಾರೂ ಇಲ್ಲದಾಗ ಇವರು ಆ ಫೋಟೋವನ್ನು ಬೆಳಕಿಗೆ ಹಿಡಿದು ಬೆಟ್ಟ ಹುಡುಕುವುದನ್ನು ಕಂಡವಳೂ ನಾನೇ.

ಮೊನ್ನೆ ದೇವನೂರಿನಿಂದ ಇವರ ಸೋದರತ್ತೆ ಬಂದಿದ್ದರು. ಕಥೆ ಪೂರ್ತಿ ಕೇಳಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನನ್ನ ಕಡೆ ತಿರುಗಿದರು.

‘ನೀನೂ ಅಲ್ಲೇ ಇದ್ಯಂತಲ್ಲವ್ವ. ನಿಂಗೂ ವಸಿ ಕಾಣುಸ್ತಾ?’

ಇವರು ಫೋಟೋ ಕೆಳಗಿಟ್ಟು ನನ್ನನ್ನೇ ನೋಡಿದರು.

‘ಇಲ್ಲ ಅತ್ತೆ,’ ಅಂದೆ. ‘ನಾನಾಗ ಕಂಬಳಿಯೊಳಗೆ ರೋಲ್ ಹಾಕ್ತಿದ್ದೆ.’