ಗಿರಿಜಕ್ಕನ ಮೂರನೇ ಹುಟ್ಟು

ಇವತ್ತು ಬೆಳಿಗ್ಗೆ ಜೇಡರ ಬಲೆ ಹೊಡೆಯಿರಿ ಎಂದು ನನ್ನ ಹೆಂಡತಿ ಉದ್ದನೆಯ ಕೋಲೊಂದನ್ನು ಕೈಗೆ ಕೊಟ್ಟಳು. ನಾನು ಅದರ ನಡುವನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಮಡಚಿ, ತಲೆಯ ಮೇಲಕ್ಕೆತ್ತಿ, ಹಿಡಿತದ ಅಂತರ ಸರಿಯಿದೆಯೇ ಎಂದು ನೋಡುತ್ತ ನಿಂತುಬಿಟ್ಟೆ.

"ಬಲೆ ಮೂಲ್ಯಾಗೈತೆ, ನಿಮ್ಮ ತಲೀ ಮ್ಯಾಲಲ್ಲ" ಅಂದಳು.

ಅವಳು ನಕ್ಕದ್ದು ನ್ಯಾಯವೇ. ದಾವಣಗೆರೆಯಲ್ಲಿ ಪೈಪು, ಬಣ್ಣ, ಮೊಳೆ ಮಾರಿಕೊಂಡು ತಲೆ ಬೆಳ್ಳಗಾದವನು ನಾನು. ಕೋಲನ್ನು ಹೀಗೆ ಹಿಡಿಯುವ ಚಟ ನನ್ನದಲ್ಲ, ನನ್ನ ಅಕ್ಕ ಗಿರಿಜಳಿಂದ ಅಂಟಿದ್ದು. ದೋಣಿಯ ಹುಟ್ಟನ್ನು ಹೀಗೆ ಹಿಡಿದು ನೋಡಬೇಕು ಎಂದು ಅವಳು ಸರಸ್ವತಿ ನಗರದ ನಮ್ಮ ಇದೇ ಹಾಲಿನಲ್ಲಿ ತೋರಿಸಿದ್ದಳು. ತೋರಿಸುವ ಭರದಲ್ಲಿ ಫ್ಯಾನಿನ ಒಂದು ರೆಕ್ಕೆಯನ್ನೂ ಸೊಟ್ಟ ಮಾಡಿದ್ದಳು.

ಅಕ್ಕನ ವಿಷಯ ನಿಮಗೆ ಹೇಳಬೇಕು. ವಿದ್ಯಾನಗರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಮದುವೆ ಬೇಡವೆಂದಳು, ಆಗಲಿಲ್ಲ. ನಮ್ಮ ಮನೆಯ ಮಹಡಿಯ ಮೇಲೆ ಇರುತ್ತಾಳೆ. ಕೆಲವು ವರ್ಷಗಳ ಹಿಂದೆ ಅವಳ ಎಡ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಎದೆಯನ್ನೂ ಕಂಕುಳಿನ ಗಂಟುಗಳನ್ನೂ ತೆಗೆದರು. ಕೂದಲು ಉದುರಿತು, ಮತ್ತೆ ಬಂತು. ಎಡತೋಳು ಮಾತ್ರ ಮೊದಲಿನಂತಾಗಲಿಲ್ಲ. ಸ್ವಲ್ಪ ದಣಿದರೂ ಬಾತುಕೊಳ್ಳುತ್ತಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಅವಳ ಪಾಲಿಗೆ ಉಳಿದದ್ದು ಒಂದೇ ಮಾತು: ಬ್ಯಾಡ. ಕೊಡ ಎತ್ತಬ್ಯಾಡ, ಸ್ಕೂಟರ್ ಬ್ಯಾಡ, ಬಿಸಿಲು ಬ್ಯಾಡ. ನೋಡಲು ಬಂದವರು ಗ್ಲಾಸಿನ ಮೂಸಂಬಿ ರಸವನ್ನು ಅವಳ ಬಾಯಿಯವರೆಗೂ ಒಯ್ಯುತ್ತಿದ್ದರು. ಅವಳ ಬಲಗೈ ಚೆನ್ನಾಗಿಯೇ ಇತ್ತು.

ಹೀಗಿರುವಾಗ ಗೆಳತಿಯರ ಜೊತೆ ಹೊನ್ನಾವರಕ್ಕೆ ಹೋದವಳು ಅಲ್ಲಿ ಕಯಾಕ್ ಎಂಬ ಒಂಟಿ ಸೀಟಿನ ದೋಣಿಯಲ್ಲಿ ಕೂತು, ಎರಡೂ ತುದಿಗೆ ನೀರು ತಳ್ಳುವ ಎಲೆಯಿರುವ ಹುಟ್ಟು ಹಾಕಿ ಬಂದಳು. ಬಂದವಳೇ ಊಟಕ್ಕೆ ಕೂತಲ್ಲಿ ಸಾರಿದಳು: "ನಾನೂ ಒಂದು ತರಸ್ತೀನಿ. ಮೀನು ಹಿಡಿಯೋ ನಮೂನಿದು. ಹರಿಹರದಾಗ ಹೊಳೆ ಐತೆ."

ನಮ್ಮದು ಮೊಟ್ಟೆಯ ಕೇಕನ್ನೂ ಅನುಮಾನದಿಂದ ನೋಡುವ ಮನೆ. ಸುದ್ದಿ ತಿಳಿದು ಮಾಯಕೊಂಡದಿಂದ ಚಿಕ್ಕಪ್ಪ ಬಸ್ಸು ಹತ್ತಿಕೊಂಡು ಬಂದರು.

"ಲಿಂಗ ಕಟ್ಟಿದೋರು ಮೀನಿಗೆ ಗಾಳ ಹಾಕೋದಾ? ಏನವ್ವ ಗಿರಿಜಾ, ತಿಂತೀಯೇನು?"

"ಇಲ್ಲ ಚಿಕ್ಕಪ್ಪ. ಹಿಡದು ಬಿಡ್ತೀನಿ."

"ಬಿಡೋದಾದ್ರ ಹಿಡಿಯೋದ್ಯಾಕ?"

ಅಕ್ಕ ಅವರ ಮುಖವನ್ನೇ ನೋಡುತ್ತ ಅಂದಳು: "ಆ ರೋಗ ನನ್ನೂ ಹಿಡದು ಬಿಟ್ಟೈತಲ್ಲ. ನಾನು ಕೇಳಿದೆನಾ, ಯಾಕ ಅಂತ?"

ಚಿಕ್ಕಪ್ಪ ಚಹಾ ಕುಡಿದು ಮುಂದಿನ ಬಸ್ಸಿಗೇ ಹೊರಟರು. ಆ ಉತ್ತರ ಸರಿಯೋ ತಪ್ಪೋ ನನಗೆ ಇವತ್ತಿಗೂ ತಿಳಿಯದು. ಮೀನಿನ ಕಡೆಯಿಂದ ಯೋಚಿಸಿದರೆ ಬೇರೆಯೇ ಉತ್ತರ ಬರಬಹುದು.

ಡಾಕ್ಟರು ಮಾತ್ರ ಬೇಡ ಎನ್ನಲಿಲ್ಲ. ನಿಧಾನವಾಗಿ ಶುರು ಮಾಡಿ, ತೋಳಿಗೆ ಬಿಗಿಯಾದ ಪಟ್ಟಿ ಹಾಕಿಕೊಳ್ಳಿ, ಬಾವು ಕಂಡರೆ ನಿಲ್ಲಿಸಿ ಎಂದರು. ಹೊಳೆಯಲ್ಲಿ ಮೀನು ಹಿಡಿಯುವ ಗುತ್ತಿಗೆಯವರನ್ನು ಕೇಳಿ ಅಕ್ಕ ಒಪ್ಪಿಗೆಯನ್ನೂ ಪಡೆದಳು. ಲಾರಿಯಲ್ಲಿ ದೋಣಿ ಬಂದು ಇಳಿದ ದಿನ ಎದುರುಮನೆಯವರು, "ಹೊಸಾ ನೀರಿನ ಟ್ಯಾಂಕಾ?" ಎಂದು ಕೇಳಿದರು. ನಾನು ಹೂಂ ಅಂದೆ. ಅಕ್ಕ ಬಾಗಿಲಿಗೆ ಬಂದು, "ದೋಣಿ ರೀ, ನನ್ನದು" ಅಂದಳು.

ತೊಡಕು ಶುರುವಾದದ್ದು ಹುಟ್ಟಿನಿಂದ. ದೋಣಿಯ ಜೊತೆ ಬಂದದ್ದು ಅಲ್ಯೂಮಿನಿಯಂ ಕೋಲಿನದು, ಅಗಲ ಎಲೆಯದು. ಎಲೆ ಅಗಲವಾದಷ್ಟೂ ಒಂದೊಂದು ಎಳೆತಕ್ಕೂ ಹೆಚ್ಚು ನೀರನ್ನು ತಳ್ಳಬೇಕು, ದೋಣಿ ಜೋರಾಗಿ ಹೋಗುತ್ತದೆ ನಿಜ, ಆದರೆ ಅಷ್ಟೂ ಭಾರ ತೋಳಿಗೆ ಬೀಳುತ್ತದೆ. ಮೊದಲ ಭಾನುವಾರವೇ ಅಕ್ಕನ ಎಡಗೈ ಬೆರಳುಗಳವರೆಗೂ ಬಾತಿತು. ಆ ವಾರವಿಡೀ ತೋಳನ್ನು ದಿಂಬಿನ ಮೇಲಿಟ್ಟುಕೊಂಡು ಮಲಗಿದಳು. "ಹೇಳಿದ್ವಲ್ಲ" ಎನ್ನುವವರ ಸಾಲು ಮಹಡಿಯ ಮೆಟ್ಟಿಲಿನವರೆಗೆ ನಿಂತಿತು.

ಎರಡನೆಯದನ್ನು ಆರಿಸಿದವನು ನಾನು. ಅಂಗಡಿಯವನ ಲೆಕ್ಕಾಚಾರ ನೋಡಿ: ಅಕ್ಕ ಗಿಡ್ಡ, ಆದ್ದರಿಂದ ಗಿಡ್ಡ ಹುಟ್ಟು. ಹಗುರಾಗಿಯೂ ಇತ್ತು. ಆದರೆ ಮೀನು ಹಿಡಿಯುವ ಕಯಾಕ್ ಹೊಟ್ಟೆ ಅಗಲವಾದ ದೋಣಿ, ಸೀಟೂ ಎತ್ತರ. ಎಲೆ ನೀರಿಗೆ ಮುಟ್ಟಬೇಕಾದರೆ ಪ್ರತಿ ಸಲವೂ ಒಂದು ಪಕ್ಕಕ್ಕೆ ವಾಲಬೇಕಾಯಿತು. ಬೆರಳ ಗೆಣ್ಣುಗಳು ದೋಣಿಯ ಅಂಚಿಗೆ ಬಡಿದು ಸುಲಿದವು, ಕೋಲಿನಿಂದ ಜಾರಿದ ನೀರೆಲ್ಲ ಮಡಿಲಿಗೆ. ಹರಿಹರದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಅಲ್ಲೇ ಹರಿಗೋಲು ಹಾಕಿ ಮೀನು ಹಿಡಿಯುವ ಹನುಮಂತಪ್ಪನೂ ನಕ್ಕು, "ಅಕ್ಕಾರ, ಇದೆಲ್ಲ ಯಾಕ್ರಿ? ನನ್ನ ಹರಿಗೋಲಿನಾಗ ಕೂಡ್ರಿ, ಗಾಳ ಹಾಕ್ರಿ. ನಾ ನಡಸ್ತೀನಿ" ಅಂದ.

"ಕೂತು ಕೂತು ಸಾಕಾಗೈತೆ, ಹನುಮಂತಪ್ಪ" ಅಂದಳು.

ಮೂರನೆಯದನ್ನು ಅವಳೇ ಆರಿಸಿದಳು. ದೋಣಿಯ ಅಗಲ, ಸೀಟಿನ ಎತ್ತರ, ತನ್ನ ಭುಜ, ಎಲ್ಲವನ್ನೂ ನನ್ನ ಅಂಗಡಿಯ ಟೇಪಿನಲ್ಲೇ ಅಳೆದಳು. ತನ್ನ ಎತ್ತರಕ್ಕಿಂತ ಎಷ್ಟೋ ಉದ್ದದ, ಸುಮಾರು ಎಂಟು ಅಡಿಯ, ಕಾರ್ಬನ್ ಕೋಲಿನ ಹುಟ್ಟು ತರಿಸಿದಳು. ಕಿರಿದಾದ ಎಲೆ. ಒಂದೊಂದು ಎಳೆತಕ್ಕೆ ಸ್ವಲ್ಪವೇ ನೀರು, ಆದರೆ ದಣಿವಿಲ್ಲದೆ ಬಹಳ ಹೊತ್ತು ಎಳೆಯಬಹುದು. ಎರಡೂ ಎಲೆಗಳನ್ನು ಒಂದೇ ನೇರಕ್ಕೆ ಕೂರಿಸಿಕೊಂಡಳು, ಮಣಿಕಟ್ಟು ತಿರುಚುವ ಕೆಲಸವೇ ಇರಬಾರದೆಂದು. ಎಲೆಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು. ಗಾಳದ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಬಿಡಿಸಲು. ಆ ಹುಟ್ಟನ್ನು ಕೈಗೆ ತೆಗೆದುಕೊಂಡಾಗ ನನಗೆ ಖಾಲಿ ಪ್ಲಾಸ್ಟಿಕ್ ಪೈಪು ಹಿಡಿದಂತಾಯಿತು. "ಇದು ಮುರಿಯಂಗಿಲ್ಲೇನು?" ಅಂದೆ. "ನನ್ನೂ ಹಂಗೇ ಅಂತೀರಲ್ಲ" ಅಂದಳು.

ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿದಳು. ಮಾಘದ ಒಂದು ಬೆಳಿಗ್ಗೆ ಹಳೇ ಸೇತುವೆಯಿಂದ ಹೊಳೆಯ ಮೇಲ್ಗಡೆಗೆ ಬಹಳ ದೂರ ಹೋದಳು. ಜಿಲೇಬಿ ಮೀನೊಂದನ್ನು ಹಿಡಿದು, ಎತ್ತಿ ನನಗೆ ತೋರಿಸಿ, ಬಿಟ್ಟಳು. ಆಮೇಲೆ ಗಾಳದ ದಾರ ಮುಳುಗಿದ ಜಾಲಿಯ ಟೊಂಗೆಗೆ ಸಿಕ್ಕಿತು. ಅವಳು ಹುಟ್ಟಿನ ಕಚ್ಚಿನಿಂದ ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಗಾಳಿ ಎದ್ದು ದೋಣಿಯನ್ನು ಹೊಳೆಯ ನಡುವಿಗೆ ತಳ್ಳತೊಡಗಿತು. ದಂಡೆಯಲ್ಲಿದ್ದ ನಾನು, "ಹನುಮಂತಪ್ಪಾ, ಹಗ್ಗ ಒಗೀರಿ!" ಎಂದು ಕೂಗಿದೆ. ಅವನು ಹರಿಗೋಲನ್ನು ತಿರುಗಿಸುತ್ತ ಅವಳ ಹತ್ತಿರಕ್ಕೆ ಹೋಗಿ ಹಗ್ಗ ಚಾಚಿದ. ಅಕ್ಕ ತಲೆಯಾಡಿಸಿದಳು, ಬೇಡವೆಂದು.

ಅವಳು ಗಾಳಿಯ ಜೊತೆ ಜಗಳಕ್ಕೆ ಬೀಳಲಿಲ್ಲ. ಹುಟ್ಟನ್ನು ಕೆಳಮಟ್ಟಕ್ಕೆ ಇಳಿಸಿ, ಓರೆಯಾಗಿ, ಸಣ್ಣ ಸಣ್ಣ ಎಳೆತ ಹಾಕುತ್ತ, ಗಾಳಿ ಕಡಿಮೆಯಿದ್ದ ದಂಡೆಯ ಮಗ್ಗುಲಿಗೆ ಸೇರಿದಳು. ಅಲ್ಲಿಂದ ಜೊಂಡಿನ ಅಂಚು ಹಿಡಿದು ಬಂದಳು. ಎಷ್ಟು ಹೊತ್ತಾಯಿತೋ ನನಗೆ ತಿಳಿಯದು, ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ದೋಣಿಯ ಮೂತಿ ಮರಳಿಗೆ ತಾಗಿದಾಗ ಬಟ್ಟೆ ಒಗೆಯುವ ಹೆಂಗಸರು ಎದ್ದು ನಿಂತಿದ್ದರು. ಯಾರೂ ನಗಲಿಲ್ಲ.

"ಹಗ್ಗ ಒಗಿ ಅಂದೋರು ಯಾರು?" ಎಂದಳು ಅಕ್ಕ, ಏದುಸಿರು ಬಿಡುತ್ತ.

"ನಾನಕ್ಕ. ಹೆದರಿದೆ."

"ಹೆದರು, ತಮ್ಮಾ. ನಾನೂ ಹೆದರಿದ್ದೆ. ಆದ್ರ ನನ್ನ ಪರವಾಗಿ ನೀ ಬ್ಯಾಡ ಅನ್ನಬ್ಯಾಡ, ಹೂಂ ಅನ್ನಬ್ಯಾಡ."

ಆ ಸಂಜೆ ತೋಳು ಸ್ವಲ್ಪ ಬಾತಿತ್ತು. ಮರುದಿನ ಇಳಿಯಿತು.

ಇದು ಎಲ್ಲ ಸರಿಹೋದ ಕಥೆಯೇನೂ ಅಲ್ಲ. ಈ ವರ್ಷ ಒಮ್ಮೆ ತೋಳಿಗೆ ಸೋಂಕಾಗಿ ಆಸ್ಪತ್ರೆ ಸೇರಿದಳು. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುವಾಗ ಈಗಲೂ ದಾರಿಯುದ್ದಕ್ಕೂ ಮಾತಾಡುವುದಿಲ್ಲ. ಆದರೆ ಡಾಕ್ಟರು ಮತ್ತೆ ಹುಟ್ಟು ಹಾಕಬಹುದು ಅಂದ ವಾರವೇ ನೀರಿಗಿಳಿದಳು.

ಈಗ ಸಂಜೆ. ಮಹಡಿಯಿಂದ ಅವಳ ಧ್ವನಿ ಕೇಳುತ್ತಿದೆ, ಯಾರಿಗೋ ಫೋನಿನಲ್ಲಿ ನಾಳಿನ ಗಾಳಿಯ ವಿಷಯ ಹೇಳುತ್ತಿದ್ದಾಳೆ. ಕಳೆದ ತಿಂಗಳು ಅವಳು ನನಗೂ ಒಂದು ದೋಣಿ ಗೊತ್ತು ಮಾಡಿದಳು. ಹುಟ್ಟಿಗೆ ನಾನು ಅಳತೆ ಕೊಟ್ಟೆ. ಎರಡೂ ಬಂದಿವೆ. ವಿಷಯ ತಿಳಿದು ಚಿಕ್ಕಪ್ಪ ಸ್ವಲ್ಪ ಹೊತ್ತಿನ ಹಿಂದೆ ಫೋನು ಮಾಡಿದ್ದರು: "ನಿನಗೂ ತಲಿ ಕೆಟ್ಟೈತಾ? ಅರವತ್ತಾತಲೋ, ಈಜು ಬೇರೆ ಬರಂಗಿಲ್ಲ!"

"ಕಲೀತಿದ್ದೀನಿ ಚಿಕ್ಕಪ್ಪ. ನಾಳೆ ಏಳಕ್ಕ ಹರಿಹರದಾಗ ಇರ್ತೀವಿ. ನೋಡಾಕ ಬರ್ರಿ" ಅಂದೆ.