ಕತ್ತಿಗೆ ಪ್ರದಕ್ಷಿಣೆ ಹಾಕಿಸಿದ ಗುರುಬಸವ್ವ

“ಇಂದಿರಮ್ಮಾರ, ಇವತ್ತ ನಾ ಒಬ್ಬಾಕಿನ ನೆಲದ ಮ್ಯಾಲೆ ನಲವತ್ತು ಬಾಣದ ಚೀಟಿ ಹಚ್ಚಿ ಬಂದೀನ್ರೀ! ನಾಳೆ ಮ್ಯೂಸಿಯಂ ತೆರೀತೈತಿ. ಮಂದಿ ಎದುರಾಬದುರಾ ಆಗಬಾರ್ದು, ಎಲ್ಲಾರೂ ಒಂದ ದಿಕ್ಕಿಗೆ ನಡೀಬೇಕು. ಮ್ಯೂಸಿಯಂ ನಡಸೂ ನಮ್ಮ ಮರೈಕ ಮೇಡಂ ಬಾಣದ ಕಟ್ಟು ನನ್ನ ಕೈಯಾಗ ಕೊಟ್ಟು, ‘ಸುತ್ತಲೂ ಹಚ್ಚಿಬಿಡು’ ಅಂದು ಮನೀಗೆ ಹೋದ್ರು. ನಡುವ ಗಾಜಿನ ಪೆಟ್ಟಿಗ್ಯಾಗ ಕತ್ತಿ ಐತ್ರೀ, ರ್ಯೋಮಾ ಅಂತ ಜಪಾನಿ ವೀರ, ಅವನ ಕಾಲದ್ದು. ಸುತ್ತ ಗ್ವಾಡಿಗೆ ಚಿತ್ರದಾಗ ಅವನ ಕತಿ. ನಾ ಮೊಣಕಾಲೂರಿ, ಒಂದೊಂದ ಬಾಣ ತಿಕ್ಕಿ ತಿಕ್ಕಿ, ಕತ್ತಿ ಎಲ್ಲಾರ ಬಲಗೈಗೆ ಬರೂ ಹಂಗ ಮಾಡೀನಿ. ನಮ್ಮ ಮಠದಾಗ ಗದ್ದುಗಿ ಸುತ್ತತೀವಲ್ಲ, ಹಂಗ! ಎಷ್ಟ ಚೆಂದ ಕಾಣ್ತೈತಿ ಅಂತೀರಿ!”

ಎದುರು ಮನೆಯ ಗುರುಬಸವ್ವ ಹೀಗಂದಿದ್ದು ೨೦೨೦ರ ಜೂನಿನಲ್ಲಿ, ದ ಹೇಗ್‌ನ ನಮ್ಮ ಮೂರನೇ ಮಹಡಿಯ ಮೆಟ್ಟಿಲ ಹತ್ತಿರ. ಅವಳು ಅವಳ ಬಾಗಿಲಲ್ಲಿ, ನಾನು ನನ್ನ ಮಗಳ ಮನೆ ಬಾಗಿಲಲ್ಲಿ, ಮಧ್ಯೆ ಕೊರೋನಾ. ನಾನು ಬಾಣಂತನಕ್ಕೆ ಬಂದು, ವಿಮಾನ ನಿಂತು ಇಲ್ಲೇ ಉಳಿದಿದ್ದೆ. ಕತ್ತಿ ಬಲಕ್ಕಿರಬೇಕು ಅನ್ನೋದು ನನಗೂ ಸರಿಯಾಗೇ ಕಂಡಿತು. “ಮತ್ತೆ? ಅಪ್ರದಕ್ಷಿಣೆ ಹಾಕಿಸೋಕಾಗುತ್ತಾ?” ಅಂದೆ.

ಗುರುಬಸವ್ವ ಬಾಗಲಕೋಟೆ ಕಡೆಯವಳು. ಧಾರವಾಡದಲ್ಲಿ ಇತಿಹಾಸ ಓದಿ, ಮದುವೆಯಾಗಿ ಇಲ್ಲಿಗೆ ಬಂದು ಏಳು ವರ್ಷ ಮನೆಯಲ್ಲೇ ಕೂತಿದ್ದಳು. ಲಾಕ್‌ಡೌನ್ ಬಂದಮೇಲಂತೂ ಗಂಡ ವಿರೂಪಾಕ್ಷ ಅಡುಗೆಮನೆ ಮೇಜನ್ನೇ ಆಫೀಸು ಮಾಡಿಕೊಂಡ. ಇವಳು ಮಿಕ್ಸಿ ಹಾಕಿದರೆ ಅವನ ಮೀಟಿಂಗಿನವರು “ನಿಮ್ಮಲ್ಲಿ ರಸ್ತೆ ಅಗೀತಿದ್ದಾರಾ?” ಅಂತ ಕೇಳೋರಂತೆ. ಅಂಥ ಹೊತ್ತಲ್ಲಿ ಟ್ರ್ಯಾಮ್ ದಾರಿಯ ಪುಟ್ಟ ಮ್ಯೂಸಿಯಂನಲ್ಲಿ, ಬಂದವರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮೊದಲ ತಿಂಗಳು ‘ಪ್ರೂಫ್‌ಟೈಟ್’, ಅಂದರೆ ಪರೀಕ್ಷೆಯ ಕಾಲ. ಬೇಡ ಅನ್ನಿಸಿದರೆ ಒಂದೇ ಮಾತಲ್ಲಿ ಮನೆಗೆ ಕಳಿಸಬಹುದು. ಆ ತಿಂಗಳು ಮುಗಿಯೋದು ಮಾರನೆಯ ದಿನವೇ ಆಗಿತ್ತು.

ನನಗೂ ಹನ್ನೊಂದು ಗಂಟೆಯ ಟಿಕೆಟ್ಟು ಮಾಡಿಸಿದ್ದಳು. ಮಾಸ್ಕ್ ಕಟ್ಟಿಕೊಂಡು ಟ್ರ್ಯಾಮ್ ಹತ್ತಿ ಹೋದೆ. ಒಳಗೆ ಕಾಲಿಟ್ಟು, ಬಾಣ ತೋರಿಸಿದ ಹಾಗೆ ಎಡಕ್ಕೆ ತಿರುಗಿದರೆ, ಮೊದಲ ಚಿತ್ರದಲ್ಲೇ ವೀರ ಸತ್ತು ಬಿದ್ದಿದ್ದಾನೆ!

“ಏನಮ್ಮಾ ಗುರುಬಸವ್ವ, ಬಂದ ತಕ್ಷಣ ಸಾವಾ?”

ಅವಳು ಗೋಡೆ ನೋಡಿದಳು, ನೆಲ ನೋಡಿದಳು. ಮಾಸ್ಕಿನ ಮೇಲೆ ಕಣ್ಣು ಇಷ್ಟಗಲ. “ಅಯ್ಯ ಶಿವನ! ಹುಟ್ಟಿದ್ದು ಬಲಗಡೆ ಐತಲ್ರೀ! ಎಲ್ಲಾರನೂ ತಿರುವುಮುರುವು ಬಿಟ್ಟೀನಿ!”

ಆಗಲೇ ಹತ್ತು ಹನ್ನೆರಡು ಜನ ಒಳಗಿದ್ದರು. ಈ ಡಚ್ಚರಿಗೆ ಬಾಣ ಅಂದರೆ ಬಾಣ. ಒಬ್ಬರೂ ಪ್ರಶ್ನೆ ಕೇಳದೆ ಶಿಸ್ತಾಗಿ ಪ್ರದಕ್ಷಿಣೆ ಹಾಕುತ್ತಿದ್ದರು! ನಾನು ಮಾಸ್ಕಿನೊಳಗೇ ನಕ್ಕೂ ನಕ್ಕೂ ಕನ್ನಡಕವೆಲ್ಲ ಮಂಜಾಯಿತು. ಒರೆಸಿಕೊಂಡು ಮುಂದೆ ಹೋದೆ. ಮುಂದಿನ ಚಿತ್ರಗಳಲ್ಲಿ ಸತ್ತವನು ಎದ್ದ. ಕಾದಾಡುತ್ತಿದ್ದ ಎರಡು ಸೀಮೆಯವರನ್ನು ಒಂದು ಮಾಡಿದ. ಜಪಾನಿ ಉಡುಪಿನ ಕೆಳಗೆ ಬೂಟು ಹಾಕಿ ಠೀವಿಯಿಂದ ನಿಂತ. ಅಕ್ಕನಿಗೆ ಕಾಗದ ಬರೆದ. ಚಿಕ್ಕವನಾಗುತ್ತಾ ಆಗುತ್ತಾ ಕೊನೆಗೆ ಅಳುಬುರುಕ ಮಗುವಾಗಿ ಅದೇ ಅಕ್ಕನ ಪಕ್ಕ ಕೂತ.

“ಗುರು!” ಅಂತ ಕೂಗಿತು ಒಂದು ಗಂಟಲು. ಮರೈಕ ಮೇಡಂ. ಅವರು ಡಚ್ಚಿನಲ್ಲಿ ಆಡಿದ್ದು ನನಗೆ ತಿಳಿಯಲಿಲ್ಲ, ಆಮೇಲೆ ಗುರುಬಸವ್ವನೇ ಬಿಡಿಸಿ ಹೇಳಿದಳು. ಯಾಕೆ ಹೀಗೆ ಅಂಟಿಸಿದೆ ಅಂತ ಕೇಳಿದರಂತೆ. “ನಾವು ದೊಡ್ಡವರನ್ನ ಬಲಕ್ಕಿಟ್ಟು ಸುತ್ತತೀವಿ, ಕೈ ತಾನ ಹಂಗ ಹಚ್ಚಿತು, ತಪ್ಪು ನಂದ” ಅಂದಳಂತೆ ಇವಳು.

ಅಷ್ಟರಲ್ಲಿ ಸುತ್ತು ಮುಗಿಸಿದ ಒಬ್ಬ ಮುದುಕರು, ಟ್ರ್ಯಾಮ್ ಓಡಿಸಿ ರಿಟೈರ್ ಆದವರು, ಮೇಡಂ ಮುಂದೆ ನಿಂತರು. “ಮೂರು ತಿಂಗಳು ಬರೀ ಸಾವಿನ ಲೆಕ್ಕ ಕೇಳಿದ್ದೀನಿ. ಇಲ್ಲಿ ಸತ್ತವನು ಮಗುವಾದ. ಇನ್ನೊಂದು ಸುತ್ತು ಹೋಗಬಹುದಾ?” ಅಂದರಂತೆ.

ಮೇಡಂ ಬಾಗಿಲಿಗೆ ಹೋಗಿ, ತಾವೇ ಬಾಣದ ದಾರಿ ಹಿಡಿದು ನಡೆಯತೊಡಗಿದರು. ನಾನೂ ಗುರುಬಸವ್ವನೂ ಬೆಂಚಿನ ಎರಡು ತುದಿಯಲ್ಲಿ ಕೂತೆವು.

“ಇಂದಿರಮ್ಮಾರ, ನನ್ನ ಕಿವ್ಯಾಗ ಆಗಲೇ ಮನೀ ಮಿಕ್ಸಿ ಕೇಳಾಕತ್ತೈತ್ರೀ.”

“ಸುಮ್ನಿರೇ, ನೋಡಲ್ಲಿ.”

ಬೂಟಿನ ಫೋಟೋ ಹತ್ತಿರ ಮೇಡಂ ಭುಜ ಅಲುಗುತ್ತಿತ್ತು. ಮಗುವಿನ ಹತ್ತಿರ ಬರುವಷ್ಟರಲ್ಲಿ ಜೋರಾಗಿ ನಗುತ್ತಿದ್ದರು. ಬಂದು ಇವಳಿಗೆ ನಾಲ್ಕು ಮಾತು ಹೇಳಿ ಹೋದರು. ಗುರುಬಸವ್ವ ನಿಂತಲ್ಲೇ ಕುಣಿದಳು.

“ಬಾಣ ಹಂಗ ಇರಲಿ, ಕಡೀಂದ ಶುರು ಅಂತ ಬಾಗಿಲಿಗೆ ಬೋರ್ಡ್ ಬರಿ ಅಂದ್ರು! ಮುಂದಿನ ಸಲ ನನ್ನ ಕೇಳಿ ಹಚ್ಚು ಅಂದ್ರು! ಮುಂದಿನ ಸಲ ಅಂದ್ರು ರೀ ಇಂದಿರಮ್ಮಾರ, ಮುಂದಿನ ಸಲ!”

ಸಂಜೆ ಅವಳ ಮನೆ ಬಾಗಿಲು ತೆರೆದೇ ಇತ್ತು. ಟ್ರ್ಯಾಮ್ ಮುದುಕರ ಹಾಗೆ ದನಿ ಮಾಡಿ ಗಂಡನಿಗೆ ಎರಡನೇ ಸಲ ಕಥೆ ಹೇಳುತ್ತಿದ್ದಳು. “ಹಸಿವು ಆಗೇತಿ, ಮಾರಾಯ್ತಿ” ಅಂದ ವಿರೂಪಾಕ್ಷ. ಅವಳು ಒಲೆಯ ಮೇಲೆ ಹಂಚು ಇಟ್ಟು, ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದತೊಡಗಿದಳು.